ಥ್ರಸ್ಟರ್ ಉಗ್ಗಿದರೆ ಮೊದಲು ಕ್ಯಾಟಲಿಸ್ಟ್ ಬಿಚ್ಚಬೇಡಿ

ಪೆರಾಕ್ಸೈಡ್ ಥ್ರಸ್ಟರ್, ಎಂದರೆ ಉಪಗ್ರಹವನ್ನು ತಳ್ಳುವ ಪುಟ್ಟ ಎಂಜಿನ್, ಸರಿಯಾಗಿ ಓಡುವಾಗ ಒಂದೇ ಸಮನೆ ‘ಸ್ಸ್ಸ್’ ಎನ್ನುತ್ತದೆ. ದೋಷ ಬಂದಾಗ ಉಗ್ಗುತ್ತದೆ: ಪುಕ್, ಪುಕ್, ಸ್ಸ್, ಪುಕ್. ಬೇಸಿಗೆಯಲ್ಲಿ ಕೆರೆಯ ನೀರು ತಳ ಕಂಡಾಗ ತೋಟದ ಪಂಪು ಗಾಳಿ ಎಳೆಯುವ ಸದ್ದು ಕೇಳಿದ್ದೀರಲ್ಲ, ಸುಮಾರು ಹಾಗೆ. ಕಾರಣವೂ ಹೆಚ್ಚುಕಮ್ಮಿ ಅದೇ. ದ್ರವ ಬರಬೇಕಾದ ಕೊಳವೆಯಲ್ಲಿ ಗಾಳಿ ಬಂದಿರುತ್ತದೆ. ಆ ಗಾಳಿ ಎಲ್ಲಿಂದ ಬಂತು ಎಂದು ಕಂಡುಹಿಡಿಯಲು ನಮಗೆ ಎರಡು ಮಳೆಗಾಲ ಹಿಡಿಯಿತು. ಅಷ್ಟರೊಳಗೆ ಎರಡು ಕ್ಯಾಟಲಿಸ್ಟ್ ಬೆಡ್ (ಪೆರಾಕ್ಸೈಡನ್ನು ಒಡೆಯುವ ವಸ್ತು ತುಂಬಿದ ಭಾಗ) ಸುಮ್ನೆ ಬಿಚ್ಚಿ ಬದಿಗಿಟ್ಟಿದ್ದೆವು.

ನಮ್ಮ ಶೆಡ್ ಇರುವುದು ಕಾಸರಗೋಡಿನ ಬದಿಯಡ್ಕದಿಂದ ಒಳಗೆ, ಒಂದು ಗುಡ್ಡದ ನೆತ್ತಿಯಲ್ಲಿ. ಸುತ್ತ ಮುರಕಲ್ಲು (ಜಂಬಿಟ್ಟಿಗೆ), ಕೆಳಗೆ ಅಡಿಕೆ ತೋಟ. ಸಣ್ಣ ಉಪಗ್ರಹಗಳಿಗೆ ಬೇಕಾದ 1 ನ್ಯೂಟನ್ ಥ್ರಸ್ಟರ್ ನಮ್ಮ ಕೆಲಸ. 1 ನ್ಯೂಟನ್ ಎಂದರೆ ಎಷ್ಟು ಎಂದು ಕೇಳಿದವರ ಅಂಗೈಯಲ್ಲಿ ಅಂಗಡಿ ತಕ್ಕಡಿಯ 100 ಗ್ರಾಂ ತೂಕ ಇಡುತ್ತೇನೆ. ಅದರ ಭಾರ 0.98 ನ್ಯೂಟನ್. ‘ಇಷ್ಟೇಯಾ?’ ಎನ್ನುತ್ತಾರೆ. ಇಷ್ಟೇ. ಬಾಹ್ಯಾಕಾಶದಲ್ಲಿ ಗಾಳಿಯ ಅಡ್ಡಿ ಇಲ್ಲ, ಸಾಕಾಗುತ್ತದೆ.

ಉಪಗ್ರಹಗಳಲ್ಲಿ ದಶಕಗಳಿಂದ ಹೈಡ್ರಜೀನ್ ಎಂಬ ಇಂಧನ ಬಳಸುತ್ತಾ ಬಂದಿದ್ದಾರೆ. ಕೆಲಸಕ್ಕೆ ಒಳ್ಳೆಯದು, ಆದರೆ ಘೋರ ವಿಷ. ತುಂಬಿಸುವವರು ತಲೆಯಿಂದ ಕಾಲಿನವರೆಗೆ ಮುಚ್ಚುವ ಸೂಟ್ ಹಾಕಿ, ಉಸಿರಿಗೂ ಬೇರೆ ಗಾಳಿ ಇಟ್ಟುಕೊಳ್ಳಬೇಕು. ಅದಕ್ಕೆ ಬದಲಿ ಹುಡುಕಾಟ ಈಗ ಜೋರಾಗಿದೆ. ಸ್ವೀಡನ್ನಿನ ಪ್ರಿಸ್ಮಾ ಉಪಗ್ರಹ 2010ರಲ್ಲೇ ಎಡಿಎನ್ ಎಂಬ ಲವಣದಿಂದ ಮಾಡಿದ ಇಂಧನದಲ್ಲಿ ಓಡಿತು. ನಾಸಾದ ಜಿಪಿಐಎಂ ಉಪಗ್ರಹ 2019ರಲ್ಲಿ ಬೇರೊಂದು ಬಗೆಯದನ್ನು ಪರೀಕ್ಷಿಸಿತು. ಬೆಂಗಳೂರಿನ ಬೆಲಾಟ್ರಿಕ್ಸ್ ಕಂಪನಿ ತನ್ನ ರುದ್ರ ಥ್ರಸ್ಟರನ್ನು 2024ರ ಜನವರಿ 1ರಂದು ಹಾರಿದ ಇಸ್ರೋ ರಾಕೆಟ್ ಪಿಎಸ್‌ಎಲ್‌ವಿ-ಸಿ58ರ ಕೊನೆಯ ಹಂತದಲ್ಲಿ ಕೂರಿಸಿ ನೋಡಿತು. ನಾವು ಹಿಡಿದದ್ದು ಇವೆಲ್ಲಕ್ಕಿಂತ ಹಳೆಯ ದಾರಿ, ಹೈಡ್ರೋಜನ್ ಪೆರಾಕ್ಸೈಡ್. ಕ್ಯಾಟಲಿಸ್ಟ್ ತಾಗಿದರೆ ಅದು ಹಬೆ ಮತ್ತು ಆಮ್ಲಜನಕವಾಗಿ ಒಡೆಯುತ್ತದೆ. ಹೊರಗೆ ಬರುವುದು ಅವೆರಡೇ.

ನಮ್ಮೂರಿನಲ್ಲಿ ಈ ಮಾತಿಗೆ ಜಾಸ್ತಿ ಬೆಲೆ ಉಂಟು. ಇಲ್ಲಿನ ಗೇರು ತೋಟಗಳ ಮೇಲೆ ಎರಡು ದಶಕ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದದ್ದನ್ನು ಯಾರೂ ಮರೆತಿಲ್ಲ. ಶೆಡ್ಡಿಗೆ ಮೊದಲ ಡ್ರಮ್ ಬಂದ ದಿನ ಕೆಳಗಿನ ಮನೆಯ ಅಜ್ಜಿ ಗೇಟಿನಲ್ಲೇ ನಿಂತು ಕೇಳಿದರು, “ಇದು ಎಂತ ಮದ್ದು ಮಗಾ? ವಿಷವಾ?” ಅಂಥ ವಿಷ ಅಲ್ಲ ಎಂದೆ. ನಿಜವೇ. ಆದರೆ ‘ಪಾಪದ್ದು’, ಏನೂ ಮಾಡದು, ಎಂದು ಮಾತ್ರ ಹೇಳಲಿಲ್ಲ.

ಮುಟ್ಟುವ ಮೊದಲು

90 ಶೇಕಡದ ಪೆರಾಕ್ಸೈಡ್ ನೋಡಲು ನೀರಿನಂತೆಯೇ ಇದೆ. ಗಾಯಕ್ಕೆ ಹಚ್ಚುವ 3 ಶೇಕಡದ್ದನ್ನು ನೆನೆದು ಸಲುಗೆ ತೋರಿಸಬೇಡಿ. ಹತ್ತಿ ಬಟ್ಟೆ, ಚರ್ಮ, ಮರದ ಪುಡಿ, ಸಿಪ್ಪೆ, ಇವುಗಳ ಮೇಲೆ ಬಿದ್ದರೆ ತಾನಾಗಿಯೇ ಬೆಂಕಿ ಹತ್ತಬಹುದು, ಕೆಲವು ಸಲ ಸ್ವಲ್ಪ ಹೊತ್ತು ಬಿಟ್ಟು. ಹಾಗಾಗಿ ಲುಂಗಿ ಉಟ್ಟು ಒಳಗೆ ಬರುವುದಿಲ್ಲ. ಶೆಡ್ಡಿನ ಅಂಗಳದಲ್ಲಿ ಅಡಿಕೆ ಸಿಪ್ಪೆ ಹರಡುವುದಿಲ್ಲ. ಸಾಂದ್ರತೆ ಹೆಚ್ಚಿಸುವ ಕೆಲಸವನ್ನು ನಾವು ಮಾಡುವುದಿಲ್ಲ, ನೀವೂ ಮಾಡಬೇಡಿ; ತಯಾರಿಸುವವರಿಂದಲೇ ತರಿಸಿ.

ದೋಷ ಹುಡುಕುವಾಗ ಎರಡು ವಾಲ್ವ್ ಮುಚ್ಚಿ, ನಡುವೆ ಪೆರಾಕ್ಸೈಡ್ ಸಿಕ್ಕಿಸಿ ಚಹಾ ಕುಡಿಯಲು ಹೋಗಬೇಡಿ. ಒಂದು ಮಿಲಿಲೀಟರ್ ಪೂರ್ತಿ ಒಡೆದರೆ ತಣಿದ ಮೇಲೂ ಸುಮಾರು 450 ಮಿಲಿಲೀಟರ್ ಆಮ್ಲಜನಕ ಉಳಿಯುತ್ತದೆ. ಅದಕ್ಕೆ ಕೊಳವೆಯಲ್ಲಿ ಜಾಗ ಎಲ್ಲಿದೆ? ಸಾಮಾನ್ಯ ಬಾಲ್ ವಾಲ್ವ್ ಮುಚ್ಚಿದಾಗ ಆ ಗುಂಡಿನ ಹೊಟ್ಟೆಯೊಳಗೂ ಸ್ವಲ್ಪ ದ್ರವ ಸಿಕ್ಕಿಹಾಕಿಕೊಳ್ಳುತ್ತದೆ, ಇದು ಎಷ್ಟೋ ಜನರಿಗೆ ಹೊಳೆಯುವುದಿಲ್ಲ. ಗುಂಡಿಗೆ ಟ್ಯಾಂಕ್ ಕಡೆಗೆ ತೂತು ಇರುವ ವಾಲ್ವನ್ನೇ ತರಿಸಿ. ಟ್ಯಾಂಕಿನ ಮೈ ಸುತ್ತಲಿನ ಗಾಳಿಗಿಂತ ಬಿಸಿಯಾಗುತ್ತಾ ಹೋದರೆ ದೋಷ ಹುಡುಕುವ ಮಾತೇ ಇಲ್ಲ. ದೂರದಿಂದ ಒತ್ತಡ ಬಿಡಿ, ಧಾರಾಳ ನೀರು ಬಿಡಿ, ನೀವು ಅಲ್ಲಿ ನಿಲ್ಲಬೇಡಿ.

ದೋಷ ಥ್ರಸ್ಟರಿನಲ್ಲಾ, ಅಳತೆಯಲ್ಲಾ?

ಬಲ ಕಡಿಮೆ ತೋರಿಸಿದ ಕೂಡಲೇ ಸ್ಪ್ಯಾನರ್ ಹಿಡಿಯಬೇಡಿ. ಬಲ ಅಳೆಯುವ ಲೋಡ್ ಸೆಲ್ಲಿಗೆ ಅದೇ 100 ಗ್ರಾಂ ತೂಕ ನೇತುಹಾಕಿ. 0.98 ಬರದಿದ್ದರೆ ದೋಷ ಅಲ್ಲೇ ಇದೆ, ಮುಂದೆ ಓದಬೇಕಾಗಿಲ್ಲ.

ಅದು ಸರಿ ಬಂದರೆ ಇನ್ನೊಂದು ಪರೀಕ್ಷೆ. ಥ್ರಸ್ಟರ್ ಹಚ್ಚದೆ, ಲೈನಿಗೆ ಬರೀ ನೈಟ್ರೋಜನ್ ಒತ್ತಡ ಕೊಡಿ. ಲೋಡ್ ಸೆಲ್ಲಿನ ಸೊನ್ನೆ ಕದಲಿತಾ? ಒತ್ತಡ ಏರಿದಾಗ ಬಾಗಿದ ಕೊಳವೆ ನೆಟ್ಟಗಾಗಲು ನೋಡುತ್ತದೆ, ತೋಟದ ಪೈಪಿಗೆ ನೀರು ಬಿಟ್ಟಾಗ ಹಾವಿನಂತೆ ಹೊರಳುತ್ತದಲ್ಲ, ಹಾಗೆ. 1 ನ್ಯೂಟನ್ ಅಳೆಯುವ ಜಾಗದಲ್ಲಿ ಆ ತಳ್ಳಾಟ ಸಣ್ಣದಲ್ಲ. ನಮ್ಮಲ್ಲಿ ಒಮ್ಮೆ ಬಲದ ಕಾಲು ಭಾಗ ಹೀಗೆ ‘ಕಾಣೆಯಾಗಿತ್ತು’. ಕೊಳವೆಯನ್ನು ಬಲದ ದಿಕ್ಕಿಗೆ ಅಡ್ಡವಾಗಿ ತಂದು ಕಟ್ಟಿದ ಮೇಲೆ ವಾಪಸ್ ಬಂತು.

ಕರೆಂಟಿನಿಂದ ತೆರೆಯುವ ಸೊಲೆನಾಯ್ಡ್ ವಾಲ್ವಿನ ವೋಲ್ಟೇಜನ್ನು ಕಾಯಿಲ್ ತುದಿಯಲ್ಲೇ ಅಳೆಯಿರಿ. ಪವರ್ ಸಪ್ಲೈ ಮುಖದ ಮೇಲೆ ತೋರಿಸುವುದನ್ನು ನಂಬಬೇಡಿ. ಉದ್ದ ತಂತಿಯಲ್ಲಿ ಇಳಿಯುತ್ತದೆ, ಕಾಯಿಲ್ ಬಿಸಿಯಾದರೆ ಎಳೆಯುವ ಶಕ್ತಿ ಇನ್ನೂ ಇಳಿಯುತ್ತದೆ. ಇಲ್ಲಿ ಮಳೆ ಬಂದರೆ ಕರೆಂಟಿನ ಕತೆ ಗೊತ್ತಲ್ಲ. ನಾವು ವಾಲ್ವನ್ನು ಬ್ಯಾಟರಿಯಿಂದಲೇ ಓಡಿಸುತ್ತೇವೆ.

ಮೂರು ಒತ್ತಡ, ಒಂದು ಬಿಸಿ

ನನ್ನ ಲೆಕ್ಕದಲ್ಲಿ ಈ ಕೈಪಿಡಿಯಲ್ಲಿ ಎಲ್ಲಕ್ಕಿಂತ ಮುಖ್ಯವಾದ ಭಾಗ ಇದು. ಟ್ಯಾಂಕಿನಲ್ಲಿ ಒಂದು, ವಾಲ್ವಿನ ಸ್ವಲ್ಪ ಮೇಲೆ (ಟ್ಯಾಂಕಿನ ಕಡೆ) ಒಂದು, ಒಡೆದ ಅನಿಲ ಸೇರುವ ಚೇಂಬರಿನಲ್ಲಿ ಒಂದು ಪ್ರೆಶರ್ ಸೆನ್ಸರ್ ಹಾಕಿ. ಚೇಂಬರಿನಲ್ಲಿ ಬಿಸಿ ಅಳೆಯುವ ಒಂದು ಥರ್ಮೋಕಪಲ್ ಇರಲಿ. ಇವು ನಾಲ್ಕನ್ನೂ ಒಂದೇ ಪರದೆಯಲ್ಲಿ, ಒಂದೇ ಕಾಲದ ಗೆರೆಯ ಮೇಲೆ ನೋಡಿ. ಒಂದೊಂದಾಗಿ ನೋಡಿದರೆ ಏನೂ ತಿಳಿಯದು.

ಟ್ಯಾಂಕ್ ಸರಿ, ವಾಲ್ವಿನ ಮೇಲೆ ಒತ್ತಡ ಕಡಿಮೆ. ಹಾಗಿದ್ದರೆ ನಡುವಿನ ಫಿಲ್ಟರ್ ಕಟ್ಟಿದೆ. ಅದು ಮುಗಿದ ವಿಷಯ.

ವಾಲ್ವಿನ ಮೇಲೆ ಸರಿ, ಚೇಂಬರಿನಲ್ಲಿ ಒತ್ತಡ ಕಡಿಮೆ, ಆದರೆ ಬಿಸಿ ಸರಿಯಾಗಿಯೇ ಇದೆ. ಎಂದರೆ ಬಂದಷ್ಟು ಪೆರಾಕ್ಸೈಡ್ ಚೆನ್ನಾಗಿ ಒಡೆಯುತ್ತಿದೆ, ಬರುವುದೇ ಕಡಿಮೆ. ಪೆರಾಕ್ಸೈಡನ್ನು ಬೆಡ್ಡಿಗೆ ಬಿಡುವ ಇಂಜೆಕ್ಟರಿನ ತೂತು ನೋಡಿ. 1 ನ್ಯೂಟನ್ ಥ್ರಸ್ಟರಿಗೆ ಸೆಕೆಂಡಿಗೆ ಒಂದು ಗ್ರಾಂ ಕೂಡ ಹರಿಯುವುದಿಲ್ಲ. ಆ ತೂತಿಗೆ ಒಂದು ಕಣ ಸಾಕು.

ಕಣದ ಮಾತು ಬಂದದ್ದಕ್ಕೆ ಹೇಳುತ್ತೇನೆ. ನಾಸಾದ ಲೂನಾರ್ ಫ್ಲ್ಯಾಶ್‌ಲೈಟ್ ಎಂಬ ಪುಟ್ಟ ಉಪಗ್ರಹ 2022ರ ಡಿಸೆಂಬರ್ 11ರಂದು ಚಂದ್ರನ ಕಡೆ ಹೊರಟಿತು. ಹಸಿರು ಇಂಧನ, ನಾಲ್ಕು ಥ್ರಸ್ಟರ್. ಹೊರಟ ಕೆಲವೇ ದಿನಗಳಲ್ಲಿ ಮೂರರ ಬಲ ಕುಗ್ಗಿತು. ತ್ರೀಡಿ ಪ್ರಿಂಟ್ ಮಾಡಿದ ಇಂಧನ ದಾರಿಯಲ್ಲಿ ಉಳಿದ ಪುಡಿ ಸಿಕ್ಕಿಕೊಂಡಿರಬೇಕು ಎಂದು ಅವರ ಅಂದಾಜು. ಪಂಪಿನ ಒತ್ತಡವನ್ನು ಮಿತಿ ಮೀರಿ ಏರಿಸಿ, ವಾಲ್ವ್ ತೆರೆದು ಮುಚ್ಚಿ ಅಲ್ಲಾಡಿಸಿ ನೋಡಿದರು. ಸ್ವಲ್ಪ ಬಿಡಿಸಿತು, ಸಾಲಲಿಲ್ಲ. 2023ರ ಮೇ ತಿಂಗಳಲ್ಲಿ ಕೈಬಿಟ್ಟರು. ನಮ್ಮ ಶೆಡ್ಡಿನಲ್ಲಾದರೆ ಬಿಚ್ಚಿ ಊದಬಹುದು. ಅಲ್ಲಿ ಯಾರು ಊದುವುದು?

ಇನ್ನು ಒತ್ತಡವೂ ಕಡಿಮೆ, ಬಿಸಿಯೂ ಕಡಿಮೆ. ಇಲ್ಲಿ ಎಲ್ಲರ ಬೆರಳೂ ಕ್ಯಾಟಲಿಸ್ಟ್ ಕಡೆ ಹೋಗುತ್ತದೆ. ತಡೆಯಿರಿ. ಮೊದಲು ಪೆರಾಕ್ಸೈಡಿನ ಸಾಂದ್ರತೆ ನೋಡಿ. 90 ಶೇಕಡದ್ದು ಪೂರ್ತಿ ಒಡೆದರೆ ಸುಮಾರು 750 ಡಿಗ್ರಿ, 85 ಆದರೆ ಸುಮಾರು 630. ಐದು ಶೇಕಡಕ್ಕೆ ನೂರಕ್ಕೂ ಜಾಸ್ತಿ ಡಿಗ್ರಿ ಹೋಯಿತು. ಸುಮಾರು 65ಕ್ಕಿಂತ ಕೆಳಗೆ ಇಳಿದರೆ ಹುಟ್ಟಿದ ಬಿಸಿ ತನ್ನದೇ ನೀರನ್ನು ಪೂರ್ತಿ ಹಬೆ ಮಾಡಲೂ ಸಾಲುವುದಿಲ್ಲ. ಸಾಂದ್ರತೆ ನೋಡುವುದು ಕಷ್ಟವಲ್ಲ. ಅಳತೆಯ ಪಾತ್ರೆಯಲ್ಲಿ ತೂಕ ಮಾಡಿದರೆ 90ರದ್ದು ಮಿಲಿಲೀಟರಿಗೆ 1.39 ಗ್ರಾಂ ಹತ್ತಿರ ಇರಬೇಕು.

ಕೊನೆಗೆ ಉಗ್ಗುವ ಗೆರೆ. ವಾಲ್ವಿನ ಮೇಲಿನ ಒತ್ತಡ ಮತ್ತು ಚೇಂಬರ್ ಒತ್ತಡ ಎರಡೂ ಏರಿಳಿಯುತ್ತವೆ, ಬಿಸಿ ನಿಧಾನಕ್ಕೆ ಜಾರುತ್ತದೆ. ಯಾವುದು ಮೊದಲು ಇಳಿಯಿತು ಎಂದು ಗೆರೆಯನ್ನು ಹಿಗ್ಗಿಸಿ ನೋಡಿ. ಚೇಂಬರ್ ಮೊದಲು ಅಲ್ಲಾಡಿದರೆ ಬೆಡ್ಡಿನ ಮೇಲೆ ಸಂಶಯ ಪಡಬಹುದು. ಮೇಲಿನದ್ದು ಮೊದಲು ಇಳಿದರೆ ಲೈನಿನಲ್ಲಿ ಗುಳ್ಳೆ. ನಮ್ಮದರಲ್ಲಿ ಪ್ರತಿ ಸಲವೂ ಮೇಲಿನದ್ದೇ ಮೊದಲು ಇಳಿದಿತ್ತು. ಗೆರೆ ಮೊದಲ ದಿನವೇ ಹೇಳಿತ್ತು, ನಾವು ಹಿಗ್ಗಿಸಿ ನೋಡಿರಲಿಲ್ಲ.

ಬಿಳಿ ಹೊಗೆ ನೋಡಿ ಮೋಸ ಹೋಗಬೇಡಿ

ಬೆಡ್ ಸತ್ತಿದೆ ಎಂದು ನಾವು ತೀರ್ಮಾನಿಸಲು ಒಂದು ದೊಡ್ಡ ಕಾರಣ ನಾಝಲಿನಿಂದ (ಥ್ರಸ್ಟರಿನ ಹೊರಬಾಯಿ) ಬಂದ ಬಿಳಿ ಹೊಗೆ. ಒಳ್ಳೆಯ ಥ್ರಸ್ಟರಿನ ಹೊಗೆ ಕಣ್ಣಿಗೆ ಕಾಣಬಾರದು, ಬಿಳಿ ಕಂಡರೆ ಒಡೆಯದ ಪೆರಾಕ್ಸೈಡ್ ಬರುತ್ತಿದೆ ಎಂದು ಕಲಿತಿದ್ದೆವು. ಒಣ ಊರಿಗೆ ಆ ಮಾತು ಸರಿ. ಜೂನ್ ತಿಂಗಳ ಕಾಸರಗೋಡಿಗೆ ಅಲ್ಲ. ಇಲ್ಲಿ ಕನ್ನಡಕವನ್ನು ಎರಡು ಸಲ ಒರೆಸಿದರೂ ಮಂಜು ಹೋಗುವುದಿಲ್ಲ. ಇಂಥ ಗಾಳಿಗೆ ಹಬೆ ಬಿಟ್ಟರೆ ಅಲ್ಲೇ ಬಿಳಿಯಾಗುತ್ತದೆ.

ಕುಚ್ಚಲಕ್ಕಿ ಬೇಯುವ ಕುಕ್ಕರಿನ ಸೀಟಿ ಹತ್ತಿರದಿಂದ ನೋಡಿ. ಬಾಯಿಗೆ ತಾಗಿ ಒಂದು ಬೆರಳಿನಷ್ಟು ಜಾಗ ಏನೂ ಕಾಣುವುದಿಲ್ಲ. ಆಮೇಲೆ ಬಿಳಿ ಶುರು. ನಾಝಲಿನಲ್ಲೂ ಅದನ್ನೇ ನೋಡಬೇಕು. ತುಟಿಯ ಬುಡದಲ್ಲಿ ತಿಳಿಯಾಗಿದ್ದು ಮುಂದೆ ಬಿಳಿಯಾದರೆ ಚಿಂತೆ ಇಲ್ಲ. ತುಟಿಯಿಂದಲೇ ಬಿಳಿ, ಜೊತೆಗೆ ಹನಿ ಚಿಮ್ಮುತ್ತಿದ್ದರೆ ಆಗ ಒದ್ದೆ ಉರಿ, ಎಂದರೆ ಒಡೆಯದ ಪೆರಾಕ್ಸೈಡ್ ಬರುತ್ತಿದೆ. ಕ್ಯಾಮೆರಾದ ಹಿಂದೆ ಕಪ್ಪು ಹಲಗೆ ಇಟ್ಟರೆ ಇದು ಚೆನ್ನಾಗಿ ಕಾಣುತ್ತದೆ. ಇನ್ನೊಂದು ಮಾತು: ತಣ್ಣಗಿನ ಬೆಡ್ಡಿನಲ್ಲಿ ಮೊದಲ ಎರಡು ಮೂರು ಮಿಡಿತ (ವಾಲ್ವ್ ಒಮ್ಮೆ ತೆರೆದು ಮುಚ್ಚುವುದು) ಒದ್ದೆಯಾಗಿಯೇ ಬರುತ್ತದೆ. ಅದನ್ನು ದೋಷದ ಪಟ್ಟಿಗೆ ಸೇರಿಸಬೇಡಿ.

ಮಳೆಗಾಲಕ್ಕೆ ಮಾತ್ರ ಬರುವ ರೋಗ

ಈಗ ನಮ್ಮ ಕತೆ. ಜನವರಿಯಿಂದ ಮೇವರೆಗೆ ಥ್ರಸ್ಟರ್ ಚಿನ್ನದಂತೆ ಓಡುತ್ತಿತ್ತು. ಜೂನ್ ಹತ್ತಿರ ಬಂದರೆ ಉಗ್ಗು. ಬೆಡ್ ಬದಲಿಸಿದೆವು, ಸರಿಯಾಯಿತು. ಜುಲೈ ಕೊನೆಗೆ ಪುನಃ ಉಗ್ಗು. ಇನ್ನೊಂದು ಬೆಡ್. ಮಳೆ, ತೇವ, ಕ್ಯಾಟಲಿಸ್ಟ್ ನೀರು ಹೀರಿತು ಎಂದು ನಾವೇ ಒಂದು ಸಿದ್ಧಾಂತ ಕಟ್ಟಿದೆವು. ಡೀಹ್ಯುಮಿಡಿಫೈಯರ್ ತಂದು ಇಟ್ಟೆವು. ಮರುವರ್ಷ ಜೂನಿಗೆ ಸರಿಯಾಗಿ ಅದೇ ಸದ್ದು.

“ಎಂತ ಅಕ್ಕ, ಪುನಃ ಅದೇ ಕತೆಯಾ?” ಐತಪ್ಪಣ್ಣ ಕೇಳಿದರು. ಲೇತು, ಫಿಟ್ಟಿಂಗು, ತೊಳೆಯುವುದು ಎಲ್ಲ ಅವರ ಕೈಯಲ್ಲಿ. ಅರ್ಧ ದಿನ ನಮ್ಮಲ್ಲಿ, ಅರ್ಧ ದಿನ ತೋಟದಲ್ಲಿ.

ಆ ದಿನ ಮೊದಲ ಬಾರಿಗೆ ಗೆರೆಯನ್ನು ಹಿಗ್ಗಿಸಿ ನೋಡಿದೆ. ಗುಳ್ಳೆ. ಹಾಗಾದರೆ ಗಾಳಿ ಎಲ್ಲಿಂದ? ಟ್ಯಾಂಕಿಗೆ ಒತ್ತಡ ಕೊಡುವ ನೈಟ್ರೋಜನ್ ಕರಗಿ ಬಂದದ್ದಾ? ಇಲ್ಲ, ಹಾಗಿದ್ದರೆ ಬೇಸಿಗೆಯಲ್ಲೂ ಬರಬೇಕು. ಲೈನಿನ ಒಂದು ಭಾಗ ಪಾರದರ್ಶಕ ಟೆಫ್ಲಾನ್ ಕೊಳವೆ. ವಾಲ್ವ್ ಮುಚ್ಚಿ, ಟ್ಯಾಂಕ್ ಕಡೆ ತೆರೆದಿಟ್ಟು, ಕ್ಯಾಮೆರಾದಲ್ಲಿ ಅದನ್ನೇ ಕಾದು ನೋಡಿದೆವು. ಹತ್ತು ನಿಮಿಷದಲ್ಲಿ ಫಿಲ್ಟರಿನ ಬಾಯಿಂದ ಸಾಸಿವೆಯಷ್ಟು ಒಂದು ಗುಳ್ಳೆ ಎದ್ದಿತು. ಹಿಂದೆಯೇ ಇನ್ನೊಂದು. ಆಮೇಲೆ ಸಾಲು. ಎಂದರೆ ಪೆರಾಕ್ಸೈಡ್ ಬೆಡ್ ಮುಟ್ಟುವ ಮೊದಲೇ, ಫಿಲ್ಟರಿನೊಳಗೆ ಒಡೆಯುತ್ತಿತ್ತು. ಅಲ್ಲಿ ಯಾರೋ ಎರಡನೇ ಕ್ಯಾಟಲಿಸ್ಟ್ ಇಟ್ಟಂತೆ.

ಪೆರಾಕ್ಸೈಡನ್ನು ಒಡೆಯುವುದಕ್ಕೆ ಬೆಳ್ಳಿ, ಪ್ಲಾಟಿನಮ್ಮೇ ಬೇಕಾಗಿಲ್ಲ. ಕಬ್ಬಿಣದ ತುಕ್ಕು ಸಾಕು, ತಾಮ್ರ ಸಾಕು, ಹಿತ್ತಾಳೆ ಸಾಕು. ನಮ್ಮ ಮೊದಲ ಸಂಶಯ ಮುರಕಲ್ಲಿನ ಮೇಲೆ ಹೋಯಿತು. ಅದರ ಕೆಂಪೇ ಕಬ್ಬಿಣ. ಆದರೆ ಕೆಂಪು ಧೂಳು ಏಳುವುದು ಬೇಸಿಗೆಯಲ್ಲಿ, ಮಳೆಗಾಲದಲ್ಲಿ ಅಲ್ಲ. ಲೆಕ್ಕ ತಿರುಗುಮುರುಗಾಯಿತು.

ಹಾಗಾಗಿ ಫಿಲ್ಟರಿಗೆ ತಾಗಿದ ಒಂದೊಂದನ್ನೂ ಪರೀಕ್ಷೆಗೆ ಹಾಕಿದೆವು. ಇದಕ್ಕೆ ಬೇಕಾದದ್ದು ಇಷ್ಟೇ: ಬಾಯಿ ತೆರೆದ ಪರೀಕ್ಷಾ ನಳಿಕೆಗಳು, ತಲಾ ಒಂದು ಬೆರಳಿನಷ್ಟು 30 ಶೇಕಡದ ಲ್ಯಾಬ್ ಪೆರಾಕ್ಸೈಡ್, ಕನ್ನಡಕ, ಕೈಗವಸು. ಒಂದರಲ್ಲಿ ಹೊಸ ಬಾಟಲಿಯ ಡಿಸ್ಟಿಲ್ಡ್ ವಾಟರ್ ಎರಡು ಹನಿ. ಒಂದರಲ್ಲಿ ಕೈಗವಸು ತೊಳೆದ ನೀರು. ಒಂದರಲ್ಲಿ ಟೇಬಲ್ ಒರೆಸಿದ ನೀರು. ಒಂದರಲ್ಲಿ ಫಿಲ್ಟರ್ ತೊಳೆಯಲು ಬಳಸುವ ಮಗ್ಗಿನಲ್ಲಿ ಕುಲುಕಿದ ನೀರು. ಹೊಸ ಬಾಟಲಿಯದ್ದು ಸುಮ್ಮನಿತ್ತು. ಕೈಗವಸಿನದ್ದು, ಟೇಬಲಿನದ್ದು ಒಂದೆರಡು ಗುಳ್ಳೆ. ಮಗ್ಗಿನ ನೀರು ಬಿದ್ದ ನಳಿಕೆ ಸೋಡಾ ಬಾಟಲಿ ತೆರೆದ ಹಾಗೆ ಬುರುಬುರು ಎದ್ದಿತು.

ಮಾಮೂಲಿ ಬಿಳಿ ಪ್ಲಾಸ್ಟಿಕ್ ಮಗ್ಗು. ಬೆಳಕಿಗೆ ಹಿಡಿದು ತಿರುಗಿಸಿದೆ. ಒಳಗೆ ಶುಭ್ರ. ಆದರೆ ಹಿಡಿ ಟೊಳ್ಳು. ಅದು ಮಗ್ಗಿಗೆ ಸೇರುವ ಒಳಮೂಲೆಯಲ್ಲಿ ಉಗುರಿನಷ್ಟು ಉದ್ದದ ತಿಳಿನೀಲಿ ಗೆರೆ. ಹತ್ತಿಯ ಕಡ್ಡಿಯಿಂದ ಒರೆಸಿ, ಅದರ ಮೇಲೆ ಒಂದು ಹನಿ ಅಮೋನಿಯ ಬಿಟ್ಟೆ. ಗಾಢ ನೀಲಿಯಾಯಿತು. ರಸಾಯನಶಾಸ್ತ್ರದ ಉಪ್ಪಿನ ಪರೀಕ್ಷೆ ನೆನಪಿದ್ದವರಿಗೆ ಗೊತ್ತು, ತಾಮ್ರ.

“ಐತಪ್ಪಣ್ಣ, ಈ ಮಗ್ಗು ಹೊರಗೆ ಹೋಗಿತ್ತಾ?”

ಅವರು ಸ್ವಲ್ಪ ಹೊತ್ತು ಮಗ್ಗನ್ನೇ ನೋಡಿದರು. “ಮದ್ದು ಬಿಡುವಾಗ ಮೈಲುತುತ್ತು ಮೊಗೆಯಲಿಕ್ಕೆ ಕೊಂಡುಹೋಗಿದ್ದೆ ಅಕ್ಕ. ಮೂರು ಸಲ ತೊಳೆದೇ ಇಟ್ಟದ್ದು.”

ಈ ಭಾಗದ ತೋಟದವರಿಗೆ ಉಳಿದದ್ದು ಹೇಳಬೇಕಾಗಿಲ್ಲ. ಅಡಿಕೆಯ ಕೊಳೆರೋಗಕ್ಕೆ ಮೈಲುತುತ್ತು (ತಾಮ್ರದ ಸಲ್ಫೇಟ್) ಮತ್ತು ಸುಣ್ಣದ ಬೋರ್ಡೋ ಮದ್ದು. ಮೊದಲ ಸುತ್ತು ಮಳೆ ಹಿಡಿಯುವ ಮೊದಲು. ಎರಡನೆಯದು ಅದಾಗಿ 40-45 ದಿನಕ್ಕೆ. ನಮ್ಮ ದೋಷದ ದಿನಾಂಕಗಳನ್ನು ಲಾಗ್ ಪುಸ್ತಕದಿಂದ ಬರೆದು, ಅವರ ಮದ್ದಿನ ದಿನಗಳ ಪಕ್ಕ ಇಟ್ಟೆವು. ಮೊದಲ ವರ್ಷದ ಎರಡೂ ಸುತ್ತು, ಮರುವರ್ಷದ ಮೊದಲ ಸುತ್ತು, ಮೂರೂ ವಾರದೊಳಗೆ ಕೂಡಿಬಂತು. ಬೆಡ್ ಬದಲಿಸಿದಾಗ ಸರಿಯಾಗುತ್ತಿದ್ದದ್ದು ಯಾಕೆ? ಪ್ರತಿ ಬೆಡ್ಡಿನ ಜೊತೆ ಹೊಸ ಫಿಲ್ಟರನ್ನೂ ಹಾಕುತ್ತಿದ್ದೆವು.

ಐತಪ್ಪಣ್ಣನ ಮೇಲೆ ತಪ್ಪು ಹೊರಿಸಲು ನನಗೆ ಬಾಯಿ ಬರಲಿಲ್ಲ. ಮಗ್ಗಿಗೆ ಹೆಸರು ಬರೆದಿರಲಿಲ್ಲ, ಯಾವ ಮಗ್ಗು ಯಾವುದಕ್ಕೆ ಎಂದು ಯಾರೂ ಹೇಳಿರಲಿಲ್ಲ. ಮೂರು ಸಲ ತೊಳೆದದ್ದು ಊಟದ ತಟ್ಟೆಗಾದರೆ ಸಾಕಾಗುತ್ತಿತ್ತು, ಅಲ್ವಾ?

ಶುದ್ಧ ಮಾಡಿದ್ದು ಹೀಗೆ. ಫಿಲ್ಟರ್, ಸೀಲುಗಳು, ಟೆಫ್ಲಾನ್ ಕೊಳವೆ ಎಲ್ಲ ಹೊಸತು. ಇವನ್ನು ತೊಳೆದು ಉಳಿಸಲು ಹೋಗಬೇಡಿ. ಸ್ಟೇನ್‌ಲೆಸ್ ಸ್ಟೀಲಿನ ಭಾಗಗಳ ಜಿಡ್ಡು ತೆಗೆದು, ನೈಟ್ರಿಕ್ ಆಮ್ಲದಲ್ಲಿ ಪ್ಯಾಸಿವೇಶನ್ (ಮೇಲ್ಮೈಗೆ ಕಾಪಿನ ಪದರ ಬರಿಸುವುದು) ಮಾಡಿಸಿ, ಸೀಲಾದ ಬಾಟಲಿಯ ನೀರನ್ನು ಬಾಟಲಿಯಿಂದಲೇ ನೇರ ಸುರಿದು ತೊಳೆದೆವು. ನಡುವೆ ಯಾವ ಮಗ್ಗೂ ಇಲ್ಲ. ಆಮೇಲೆ ತೆಳು ಪೆರಾಕ್ಸೈಡಿನಲ್ಲಿ ಮುಳುಗಿಸಿಟ್ಟು ಗುಳ್ಳೆ ನಿಲ್ಲುವವರೆಗೆ ಕಾದೆವು. ಒಂದು ಕನೆಕ್ಟರ್ ಮಾತ್ರ ಮರುದಿನವೂ ಗುಳ್ಳೆ ಬಿಡುತ್ತಲೇ ಇತ್ತು. ಎಳೆಯ ಸಂದಿಯಲ್ಲಿ ಏನಿತ್ತೋ, ಬಿಸಾಡಿದೆವು. ಈಗ ಪ್ರತಿ ತುಂಬಿಸುವಿಕೆಯ ಮೊದಲು ತೊಳೆದ ನೀರಿನ ಎರಡು ಹನಿ ನಳಿಕೆಗೆ ಹೋಗುತ್ತದೆ. ಐದು ನಿಮಿಷದ ಕೆಲಸ.

ಬೆಡ್ ನಿಜವಾಗಿಯೂ ಸತ್ತಿದ್ದರೆ

ಹಾಗೆಂದು ಕ್ಯಾಟಲಿಸ್ಟ್ ಸಾಯುವುದೇ ಇಲ್ಲ ಎಂದಲ್ಲ. ಪೆರಾಕ್ಸೈಡ್ ಕೆಡದಿರಲೆಂದು ತಯಾರಕರು ಸ್ಟ್ಯಾನೇಟ್, ಫಾಸ್ಫೇಟ್ ಎಂಬ ಲವಣ ಸೇರಿಸುತ್ತಾರೆ. ಅದು ಬೆಳ್ಳಿಯ ಜಾಲರಿಯ ಮೇಲೆ ಪದರವಾಗಿ ಕೂತು ಉಸಿರುಗಟ್ಟಿಸುತ್ತದೆ. ಆಗ ಲಕ್ಷಣ ಬೇರೆ. ಉಗ್ಗುವುದಿಲ್ಲ, ದಿನದಿಂದ ದಿನಕ್ಕೆ ಬಿಸಿ ಏರಲು ಜಾಸ್ತಿ ಹೊತ್ತು ತೆಗೆದುಕೊಳ್ಳುತ್ತದೆ, ಒದ್ದೆ ಮಿಡಿತಗಳ ಲೆಕ್ಕ ಏರುತ್ತದೆ. ಬೆಳ್ಳಿ ಕರಗುವುದು 961 ಡಿಗ್ರಿಗೆ, ಹಾಗಾಗಿ ತೀರಾ ಸಾಂದ್ರ ಪೆರಾಕ್ಸೈಡಿಗೆ ಬೆಳ್ಳಿ ಹಾಕಬೇಡಿ. ಅಲ್ಯುಮಿನಾ ಗುಳಿಗೆಯ ಬೆಡ್ಡಾದರೆ ಬಿಸಿ-ತಣ್ಣಗೆ ಆಗಿ ಆಗಿ ಪುಡಿಯಾಗುತ್ತದೆ. ಆಗ ಬೆಡ್ಡಿನ ಮೇಲೆ ಕೆಳಗೆ ಒತ್ತಡದ ಅಂತರ ಏರುತ್ತಾ ಬರುತ್ತದೆ, ನಾಝಲಿನ ಮುಂದಿಟ್ಟ ತಟ್ಟೆಯಲ್ಲಿ ಬಿಳಿ ಹುಡಿ ಸಿಗುತ್ತದೆ.

ನಾವು ಬದಿಗಿಟ್ಟ ಎರಡು ಬೆಡ್ಡುಗಳನ್ನು ಕಳೆದ ಸೆಪ್ಟೆಂಬರಿನಲ್ಲಿ ಹೊರಗೆ ತೆಗೆದೆವು. ಒಂದರ ಜಾಲರಿ ಬಿಚ್ಚುವಾಗಲೇ ಹರಿದಿತ್ತು. ಇನ್ನೊಂದನ್ನು ಹೊಸ ಫಿಲ್ಟರಿನ ಜೊತೆ ಕೂರಿಸಿ ಹಚ್ಚಿದಾಗ ಮೂರನೇ ಮಿಡಿತಕ್ಕೆ ‘ಸ್ಸ್ಸ್’ ಎಂದಿತು. ಈಗಲೂ ಸ್ಟ್ಯಾಂಡಿನ ಮೇಲೆ ಇರುವುದು ಅದೇ.